ಒಬ್ಬ ಡಾಕ್ಟ್ರು ಆರು ಗಂಟೆ ಅಂತಾರೆ, ಇನ್ನೊಬ್ಬರು ಎರಡು ಗಂಟೆ: ಮಗಳ ಕಣ್ಣಿಗೆ ಯಾರ ಮಾತು ಕೇಳುವುದು?

ಪೆರ್ಲದ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಆರು ವರ್ಷ, ಒಂದನೇ ಕ್ಲಾಸು. ಶಾಲೆಗೆ ಕಣ್ಣು ನೋಡುವವರು ಬಂದಿದ್ದರು. ಬಲಗಣ್ಣು ಮುಚ್ಚಿದಾಗ ಇವಳು "ಎಂತದೂ ಸರಿ ಕಾಣುವುದಿಲ್ಲ" ಅಂದಳಂತೆ. ನಮಗೆ ಅಲ್ಲಿವರೆಗೆ ಸುಳಿವೇ ಇರಲಿಲ್ಲ. ಮೆಳ್ಳೆಗಣ್ಣು ಇಲ್ಲ. ಟಿವಿಗೆ ಅಂಟಿಕೊಂಡು ಕೂರುವುದಿಲ್ಲ. ನನ್ನ ಅತ್ತೆಯ ಕೈಯಿಂದ ಬಿದ್ದ ಸೂಜಿಯನ್ನು ಹೆಕ್ಕಿ ಕೊಡುವುದೇ ಇವಳು.

ಮಂಗಳೂರಿಗೆ ಕರೆದುಕೊಂಡು ಹೋದೆವು. ಬಲಗಣ್ಣು 6/6, ಎಡಗಣ್ಣು 6/24 (ಬೇರೆಯವರಿಗೆ 24 ಮೀಟರಿನಿಂದ ಕಾಣುವುದು ಆ ಕಣ್ಣಿಗೆ 6 ಮೀಟರಿನಿಂದ ಮಾತ್ರ ಕಾಣುತ್ತದೆ). ಎಡಗಣ್ಣಿಗೆ ಪವರ್ ಜಾಸ್ತಿ ಉಂಟು, ಅದರಿಂದ ಮೆದುಳು ಆ ಕಣ್ಣನ್ನು ಬಳಸುವುದನ್ನೇ ಬಿಟ್ಟಿದೆ, 'ಲೇಜಿ ಐ' ಅಂದರು. ಕನ್ನಡಕ ಬರೆದುಕೊಟ್ಟು, ಒಳ್ಳೆಯ ಕಣ್ಣಿಗೆ ದಿನಕ್ಕೆ ಆರು ಗಂಟೆ ಪ್ಯಾಚ್ (ಕಣ್ಣು ಮುಚ್ಚುವ ಅಂಟುಪಟ್ಟಿ) ಹಾಕಿ ಎಂದರು. ಮನಸ್ಸು ಕೇಳದೆ ಕಾಸರಗೋಡಿನಲ್ಲಿ ಇನ್ನೊಬ್ಬರಿಗೆ ತೋರಿಸಿದೆ. ಅವರು ಎರಡು ಗಂಟೆ ಸಾಕು ಎಂದರು. ಮೂರನೆಯ ಕಡೆ ಹೋದರೆ, "ಪ್ಯಾಚ್ ಎಲ್ಲ ಹಳೇ ಕಾಲದ್ದು, ಕಂಪ್ಯೂಟರ್ ಮುಂದೆ ಕೂರಿಸಿ ಕಣ್ಣಿಗೆ ವ್ಯಾಯಾಮ ಮಾಡಿಸುತ್ತೇವೆ, ಮೂವತ್ತು ಸಿಟ್ಟಿಂಗ್, 28 ಸಾವಿರ" ಎಂದರು. ಮನೆಯಲ್ಲಿ ಅತ್ತೆ ದಿನಾ ಬೆಳಿಗ್ಗೆ ನಂದಿಬಟ್ಟಲು ಹೂವು ಕೊಯ್ದು ಇಟ್ಟುಕೊಂಡು ಕಾಯುತ್ತಿದ್ದಾರೆ.

ಎಲ್ಲರೂ ಗಟ್ಟಿಯಾಗಿಯೇ ಹೇಳುತ್ತಾರೆ. ಯಾವುದನ್ನು ಸರಿಯಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ, ಯಾವುದು ಬರೀ ಬಾಯಿಮಾತು ಎಂದು ನಮ್ಮಂಥವರು ತಿಳಿಯುವುದು ಹೇಗೆ?

ಉಪ್ಪಳ ಹುಡುಗ
28 ಸಾವಿರ ಕೊಡುವ ಮೊದಲು ಕೇಳಿದ್ದು ಒಳ್ಳೆಯದಾಯ್ತು ಅಕ್ಕ. ಕಣ್ಣಕ್ಕ ಬರಲಿ, ಅವರು ಹೇಳುತ್ತಾರೆ.

ತೋಟದ ಭಟ್ರು
ನಂದಿಬಟ್ಟಲನ್ನು ಅಷ್ಟು ಹಗುರ ಮಾಡಬೇಡಿ. ನಮ್ಮಜ್ಜಿ ಊರಿನವರ ಕಣ್ಣುಬೇನೆಯನ್ನೆಲ್ಲ ಅದರಲ್ಲೇ ವಾಸಿ ಮಾಡುತ್ತಿದ್ದರು. ಹೂವು ರಾತ್ರಿ ನೀರಿನಲ್ಲಿ ಹಾಕಿಟ್ಟು ಬೆಳಿಗ್ಗೆ ಆ ನೀರು ಬಿಡುವುದು. ನಾಲ್ಕೈದು ದಿನದಲ್ಲಿ ಕೆಂಪು ಮಾಯ. ಒಂದು ಪೈಸೆ ಖರ್ಚಿಲ್ಲ.

ಕಣ್ಣಕ್ಕ
ಬಂದೆ ಬಂದೆ. ನಾನು ಡಾಕ್ಟ್ರಲ್ಲ, ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣು ಅಳೆದು ಪವರ್ ನೋಡುವವಳು. ಊರು ಬದಿಯಡ್ಕ, ಕೆಲಸ ಮಂಗಳೂರಿನಲ್ಲಿ. ಮಗುವನ್ನು ನೋಡದೆ ಚಿಕಿತ್ಸೆ ಹೇಳುವುದಿಲ್ಲ. ಆದರೆ ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದವರು ಇದ್ದಾರೆ, ಅದನ್ನು ಹೇಳಬಹುದು.

ಭಟ್ರೇ, ಮೊದಲು ನಿಮ್ಮದು. ಸಾಮಾನ್ಯ ಕೆಂಗಣ್ಣು, ನಾವು ಮದ್ರಾಸ್ ಐ ಅನ್ನುತ್ತೇವಲ್ಲ, ಅದು ಹೆಚ್ಚಾಗಿ ವೈರಸ್ಸಿನಿಂದ ಬರುವುದು. ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಹೂವಿನ ನೀರು ಬಿಟ್ಟರೂ ಹೋಗುತ್ತದೆ, ಬಿಡದಿದ್ದರೂ ಹೋಗುತ್ತದೆ. ಅಜ್ಜಿ ಊರಿನ ಅರ್ಧ ಜನಕ್ಕೆ ಬಿಟ್ಟು, ಉಳಿದವರಿಗೆ ಬಿಡದೆ ನೋಡಿದ್ದರೆ ಆಗ ಗೊತ್ತಾಗುತ್ತಿತ್ತು. ಮದ್ದನ್ನು ಅಳೆಯುವ ಎಲ್ಲ ಕೆಲಸದ ಬುಡ ಇಷ್ಟೇ: ಪಕ್ಕದಲ್ಲಿ ಇನ್ನೊಂದು ಗುಂಪು ಬೇಕು. ಯಾರು ಯಾವ ಗುಂಪು ಎಂದು ಚೀಟಿ ಎತ್ತಿ ತೀರ್ಮಾನಿಸಬೇಕು. ಕೊನೆಗೆ ಕಣ್ಣು ಅಳೆಯುವವರಿಗೆ ಯಾರಿಗೆ ಏನು ಕೊಟ್ಟಿದ್ದು ಎಂದು ಗೊತ್ತಿರಬಾರದು. ಗೊತ್ತಿದ್ದರೆ "ಇನ್ನೊಂದು ಸಾಲು ಓದು ಪುಟ್ಟಾ" ಎಂದು ಬಾಯಿ ತಾನಾಗಿ ಬರುತ್ತದೆ. ನನಗೇ ಬಂದದ್ದುಂಟು.

ಈಗ ಪ್ಯಾಚ್. ಅಮೆರಿಕದಲ್ಲಿ ಪೀಡಿಗ್ ಎನ್ನುವ ಮಕ್ಕಳ ಕಣ್ಣಿನ ಸಂಶೋಧಕರ ಗುಂಪು ಉಂಟು. 1997ರಲ್ಲಿ ಶುರುವಾದದ್ದು, ದುಡ್ಡು ಅಲ್ಲಿನ ಸರ್ಕಾರದ ರಾಷ್ಟ್ರೀಯ ಕಣ್ಣಿನ ಸಂಸ್ಥೆಯದ್ದು. ಇವರು ಇದೇ ಜಗಳವನ್ನು ಎತ್ತಿಕೊಂಡರು. ಏಳು ವರ್ಷದೊಳಗಿನ, ನಿಮ್ಮ ಮಗಳಷ್ಟೇ ಮಂದ ಇರುವ 189 ಮಕ್ಕಳು. ಅರ್ಧ ಜನಕ್ಕೆ ದಿನಕ್ಕೆ 2 ಗಂಟೆ, ಅರ್ಧ ಜನಕ್ಕೆ 6 ಗಂಟೆ. 2003ರಲ್ಲಿ ಫಲಿತಾಂಶ ಬಂತು. ನಾಲ್ಕು ತಿಂಗಳಲ್ಲಿ ಎರಡೂ ಗುಂಪು ಕಣ್ಣು ಅಳೆಯುವ ಚಾರ್ಟಿನಲ್ಲಿ ಸರಾಸರಿ 2.4 ಸಾಲು ಮೇಲೆ ಹೋಗಿತ್ತು. ವ್ಯತ್ಯಾಸ ಸೊನ್ನೆ. ತುಂಬಾ ಮಂದ ಇದ್ದ ಮಕ್ಕಳಲ್ಲಿ 6 ಗಂಟೆ ಮತ್ತು ಇಡೀ ದಿನ ಹೋಲಿಸಿದರು. ಅಲ್ಲೂ ಸಮ.

ಹಾಗಂತ ಆರು ಗಂಟೆ ಹೇಳಿದವರು ತಪ್ಪು ಎಂದಲ್ಲ. ಮಕ್ಕಳು ಆರು ಹೇಳಿದರೆ ಮೂರು ಹಾಕುತ್ತಾರೆ ಎಂದು ಲೆಕ್ಕ ಹಾಕಿಯೇ ಹೇಳುವವರಿದ್ದಾರೆ! ಆದರೆ 6/24ಕ್ಕೆ ಎರಡರಿಂದ ಶುರು ಮಾಡುವುದಕ್ಕೆ ಒಳ್ಳೆಯ ಆಧಾರ ಉಂಟು.

ಒಂದು ಮಾತು ಕೇಳಲಾ? ಕನ್ನಡಕ ಹಾಕಲು ಶುರು ಮಾಡಿ ಎಷ್ಟು ವಾರ ಆಯ್ತು?

ಪೆರ್ಲದ ಅಮ್ಮ
ಕನ್ನಡಕ ಇನ್ನೂ ಮಾಡಿಸಿಲ್ಲ. ಪ್ಯಾಚ್ ಎಷ್ಟು ಗಂಟೆ ಎಂದು ತೀರ್ಮಾನ ಆದಮೇಲೆ ಎಲ್ಲ ಒಟ್ಟಿಗೆ ಮಾಡೋಣ ಎಂದು ಇವರು ಹೇಳಿದರು. ಒಂದು ತಿಂಗಳಾಯ್ತು.

ಕಣ್ಣಕ್ಕ
ಅಯ್ಯೋ ದೇವರೇ.

ಅಕ್ಕ, ನಾಳೆಯೇ ಮಾಡಿಸಿ. ಯಾರೂ ಬೇಡ ಅನ್ನದ್ದು ಅದೊಂದನ್ನೇ, ನೀವು ಬಿಟ್ಟದ್ದೂ ಅದೊಂದನ್ನೇ! ಎರಡು ಕಣ್ಣಿನ ಪವರ್ ಬೇರೆಬೇರೆ ಇದ್ದು ಹೀಗಾದ 84 ಮಕ್ಕಳಿಗೆ ಬರೀ ಕನ್ನಡಕ ಕೊಟ್ಟು ನೋಡಿದ್ದಾರೆ. ಪ್ಯಾಚ್ ಇಲ್ಲ, ಡ್ರಾಪ್ಸ್ ಇಲ್ಲ. 77 ಶೇಕಡಾ ಮಕ್ಕಳು ಎರಡು ಸಾಲು ಅಥವಾ ಜಾಸ್ತಿ ಮೇಲೆ ಹೋದರು. 27 ಶೇಕಡಾ ಮಕ್ಕಳಿಗೆ ತೊಂದರೆಯೇ ಹೋಯಿತು. ಅಂದರೆ ನಾಲ್ವರಲ್ಲಿ ಒಂದು ಮಗುವಿಗೆ ಪ್ಯಾಚೇ ಬೇಡ. ಆದರೆ ಇದಕ್ಕೆ ತಿಂಗಳುಗಟ್ಟಲೆ ಬೇಕು, ಎರಡು ವಾರದಲ್ಲಿ ನೋಡಿ "ಏನೂ ಆಗಲಿಲ್ಲ" ಅನ್ನಬಾರದು.

ತೋಟದ ಭಟ್ರು
ಎಲ್ಲ ಅಮೆರಿಕದ ಮಕ್ಕಳ ಲೆಕ್ಕ. ಅವರ ಕಣ್ಣು, ಊಟ, ಹವೆ ಬೇರೆ. ನಮ್ಮ ಊರಿನ ಮದ್ದಿಗೆ ಅವರ ತಕ್ಕಡಿ ಯಾಕೆ?

ಮುಳ್ಳೇರಿಯ ಕೃಷಿಕ
ಭಟ್ರೇ, ನಮ್ಮ ಕಡೆಯದ್ದೇ ಬೇಕಾ? ನನ್ನ ಬಲಗಣ್ಣಿನ ಕತೆ ಕೇಳಿ.

ಮೂರು ವರ್ಷದ ಹಿಂದೆ ಅಡಿಕೆ ಕೊಯ್ಯುವಾಗ ಸೋಗೆಯ ತುದಿ ಕಣ್ಣಿಗೆ ತಾಗಿತು. ದೊಡ್ಡ ಪೆಟ್ಟೇನಲ್ಲ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಒಂದು ಡ್ರಾಪ್ಸ್ ತಂದೆ. ಎರಡು ದಿನ ಉರಿ ಕಡಿಮೆ, ಭಾರೀ ಖುಷಿ. ಐದನೇ ದಿನ ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಆ ಡ್ರಾಪ್ಸಿನಲ್ಲಿ ಸ್ಟೀರಾಯ್ಡ್ ಇತ್ತು. ನನ್ನ ಕಣ್ಣಲ್ಲಿ ಬೆಳೆಯುತ್ತಿದ್ದದ್ದು ಬೂಷ್ಟು. ಸ್ಟೀರಾಯ್ಡ್ ಹಾಕಿದರೆ ಬೂಷ್ಟಿಗೆ ಗೊಬ್ಬರ ಹಾಕಿದ ಹಾಗೆ. ನಡುವೆ ಅಮ್ಮ ಎರಡು ಸಲ ನಂದಿಬಟ್ಟಲು ನೀರನ್ನೂ ಬಿಟ್ಟಿದ್ದರು. ಯಾವುದರಿಂದ ಎಷ್ಟು ಕೆಟ್ಟಿತೋ ದೇವರಿಗೇ ಗೊತ್ತು.

ಡಾಕ್ಟ್ರು ನಟಮೈಸಿನ್ ಡ್ರಾಪ್ಸ್ ಕೊಟ್ಟರು, ಗಂಟೆಗೊಮ್ಮೆ. ರಾತ್ರಿ ಅಲಾರಾಂ ಇಟ್ಟುಕೊಂಡು ಹೆಂಡತಿ ಬಿಡುತ್ತಿದ್ದಳು. "ಇದಕ್ಕಿಂತ ಹೊಸದು, ದುಬಾರಿಯದ್ದು ಇಲ್ವಾ?" ಎಂದು ಕೇಳಿದೆ. ಆಗ ಅವರು ಹೇಳಿದ್ದು: ದಕ್ಷಿಣ ಭಾರತದ ಅರವಿಂದ ಕಣ್ಣಾಸ್ಪತ್ರೆಗಳಲ್ಲಿ 323 ಜನರ ಮೇಲೆ ಎರಡನ್ನೂ ಹೋಲಿಸಿ ನೋಡಿದ್ದಾರೆ. ಹಳೆಯ ನಟಮೈಸಿನ್ ಒಂದು ಕಡೆ, ಹೊಸ ವೊರಿಕೊನಜೋಲ್ ಇನ್ನೊಂದು ಕಡೆ. 2013ರಲ್ಲಿ ಬಂದ ಫಲಿತಾಂಶದಲ್ಲಿ ಗೆದ್ದದ್ದು ಹಳೆಯದ್ದೇ. ಅದನ್ನು ಹಾಕಿದವರಿಗೆ ದೃಷ್ಟಿ ಜಾಸ್ತಿ ಉಳಿಯಿತು, ಗುಡ್ಡೆ ತೂತಾದದ್ದು ಕಡಿಮೆ. ಅದರಲ್ಲಿ ಇದ್ದವರಲ್ಲಿ ತುಂಬ ಜನ ನಮ್ಮ ನಿಮ್ಮ ಹಾಗೆ ಮಣ್ಣಿನಲ್ಲಿ ಕೆಲಸ ಮಾಡುವವರು.

ಈಗ ನನಗೆ ಆ ಕಣ್ಣು 6/18. ಕಲೆ ಉಳಿದಿದೆ. ಕೊಯ್ಲಿಗೆ ಹೋಗುವಾಗ ಪ್ಲಾಸ್ಟಿಕ್ ಕನ್ನಡಕ ಹಾಕುತ್ತೇನೆ, ಕೆಲಸದವರು ನಗುತ್ತಾರೆ. ನಗಲಿ.

ತೋಟದ ಭಟ್ರು
ಇದು ಗೊತ್ತಿರಲಿಲ್ಲ ಮಾರಾಯ್ರೆ. ಗಾಯ ಆದ ಕಣ್ಣಿಗೆ ಹೂವಿನ ನೀರು ಬೇಡ, ಒಪ್ಪಿದೆ. ಗಾಯ ಇಲ್ಲದ ಕಣ್ಣಿನ ವಿಷಯ ಬೇರೆ ಮಾತಾಡೋಣ.

ಕಣ್ಣಕ್ಕ
ಭಟ್ರು ಅರ್ಧ ಒಪ್ಪಿದ್ದೇ ದೊಡ್ಡದು 😀

ಕುಂಬಳೆ ಮಾಷ್ಟ್ರು
ಶಾಲೆಯ ತಪಾಸಣೆ ಬಗ್ಗೆ ಒಂದು ಮಾತು. ನಮ್ಮದು ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಮೀಡಿಯಂ. ಒಂದು ವರ್ಷ ಬಂದ ತಂಡದವರ ಹತ್ತಿರ ಇದ್ದದ್ದು ಮಲಯಾಳ ಅಕ್ಷರದ ಚಾರ್ಟು. ಮಕ್ಕಳಿಗೆ ಆ ಅಕ್ಷರವೇ ಬಾರದು. ಒಂದನೇ ಕ್ಲಾಸಿನ ಹನ್ನೊಂದು ಮಕ್ಕಳಿಗೆ 'ದೃಷ್ಟಿ ದೋಷ' ಎಂದು ಬರೆದರು. ನಾನು ತಲೆಚಚ್ಚಿಕೊಂಡು, "ಇವರಿಗೆ ದೋಷ ಕಣ್ಣಲ್ಲಿ ಅಲ್ಲ ಸಾರ್, ಸಿಲೆಬಸ್ಸಿನಲ್ಲಿ" ಎಂದೆ. ಆಮೇಲೆ ಇಂಗ್ಲಿಷಿನ ಒಂದೇ ಅಕ್ಷರ ಅತ್ತಿತ್ತ ತಿರುಗಿಸಿದ ಚಾರ್ಟ್ ತಂದರು. ಅಕ್ಷರದ ತೆರೆದ ಬಾಯಿ ಯಾವ ದಿಕ್ಕಿಗೆ ಉಂಟು ಎಂದು ಬೆರಳಿನಲ್ಲಿ ತೋರಿಸಿದರೆ ಆಯ್ತು. ಹನ್ನೊಂದರಲ್ಲಿ ಉಳಿದದ್ದು ಇಬ್ಬರು.

ಅದರ ಉಲ್ಟಾ ಕೂಡ ಉಂಟು. ಸಾಲಿನಲ್ಲಿ ನಿಂತ ಮಕ್ಕಳು ಮುಂದಿನವರು ಓದಿದ್ದನ್ನು ಬಾಯಿಪಾಠ ಮಾಡುತ್ತಾರೆ. ಮಗ್ಗಿ ಬಾರದವರಿಗೂ ಚಾರ್ಟಿನ ಕೊನೆ ಸಾಲು ಬರುತ್ತದೆ!

ಗಡಿನಾಡ ಕನ್ನಡಿಗ
ಮಾಷ್ಟ್ರು ಹೇಳಿದ್ದು ನೂರಕ್ಕೆ ನೂರು ಸತ್ಯ. ಆಸ್ಪತ್ರೆ ಬೋರ್ಡ್, ಚೀಟಿ, ಫಾರ್ಮು ಎಲ್ಲ ಮಲಯಾಳದಲ್ಲಿ. ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋದರೆ ಭಾಷೆ ಸಿಗುತ್ತದೆ, ಆದರೆ ಕರ್ನಾಟಕ ಸರ್ಕಾರದ ಆರೋಗ್ಯ ಕಾರ್ಡು ನಮಗಿಲ್ಲ. 2020ರಲ್ಲಿ ಗಡಿಗೆ ಮಣ್ಣು ಸುರಿದು ಮುಚ್ಚಿದ್ದು ನೆನಪುಂಟಲ್ಲ? ಆಂಬುಲೆನ್ಸನ್ನೇ ಬಿಡಲಿಲ್ಲ.

ಉಪ್ಪಳ ಹುಡುಗ
ಶುರುವಾಯ್ತು. ಮಗುವಿನ ಕಣ್ಣಿನ ವಿಷಯ ಮಾತಾಡಿ ಅಣ್ಣ. ಕಾರ್ಡಿನ ವಿಷಯ ಬಂತು ಅಂತ ಹೇಳುತ್ತೇನೆ: ಕೇರಳದಲ್ಲಿ 18 ವರ್ಷದೊಳಗಿನ ಮಕ್ಕಳಿಗೆ ಆರೋಗ್ಯಕಿರಣಂ ಎನ್ನುವ ಪುಕ್ಕಟೆ ಚಿಕಿತ್ಸೆಯ ಯೋಜನೆ ಉಂಟು. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ ನೋಡಿ.

ಬಾಯಾರಿನ ಅಪ್ಪ
ನಾವು ಪ್ಯಾಚ್ ಹಾಕಿ ನೋಡಿದವರು. ಮಗ ಐದು ವರ್ಷ ಇದ್ದಾಗ. ಮಾರ್ಚ್ ತಿಂಗಳು, ನಮ್ಮ ಕಡೆಯ ಸೆಕೆ ಗೊತ್ತಲ್ಲ. ಬೆವರಿಗೆ ಅಂಟು ಬಿಡುತ್ತದೆ, ಬಿಡದಿದ್ದರೆ ಚರ್ಮ ಕೆಂಪಾಗುತ್ತದೆ. ಮೊದಲ ವಾರ ಅವನು ಕಿತ್ತು ನಾಯಿಮರಿಗೆ ಅಂಟಿಸಿದ. ಎರಡನೇ ವಾರ ಮೂಗಿನ ಹತ್ತಿರದ ಸಂದಿಯಿಂದ ಒಳ್ಳೆಯ ಕಣ್ಣಲ್ಲೇ ಇಣುಕಿ ನೋಡುತ್ತಿದ್ದ. ನಾವು "ಅಬ್ಬ, ಎಷ್ಟು ಬೇಗ ಸುಧಾರಿಸಿದ" ಅಂದುಕೊಂಡೆವು!

ಕೊನೆಗೆ ಡಾಕ್ಟ್ರು ಪ್ಯಾಚ್ ಬಿಡಿಸಿ ಅಟ್ರೋಪಿನ್ ಡ್ರಾಪ್ಸ್ ಕೊಟ್ಟರು. ಒಳ್ಳೆಯ ಕಣ್ಣಿಗೆ ಬಿಡುವುದು. ಆ ಕಣ್ಣಿಗೆ ಹತ್ತಿರದ್ದು ಮಸುಕಾಗುತ್ತದೆ, ಆಗ ಮಂದ ಕಣ್ಣು ಕೆಲಸ ಮಾಡಲೇಬೇಕು. ಅದನ್ನು ನಾಯಿಗೆ ಅಂಟಿಸುವ ಹಾಗಿಲ್ಲ ನೋಡಿ.

ನೀರ್ಚಾಲು ಶೆಟ್ಟಿ
ಅಟ್ರೋಪಿನ್ ಅಂದರೆ ಮಕ್ಕಳ ಪವರ್ ಏರದ ಹಾಗೆ ಕೊಡುವುದಲ್ವಾ? ನನ್ನ ತಂಗಿಯ ಮಗಳಿಗೆ ಕೊಟ್ಟಿದ್ದಾರೆ. ಲೇಜಿ ಐಗೂ ಅದೇನಾ?

ಕಣ್ಣಕ್ಕ
ಹೆಸರು ಒಂದೇ, ಕೆಲಸ ಬೇರೆ, ಹದವೂ ಬೇರೆ. ಲೇಜಿ ಐಗೆ ಕೊಡುವುದು 1 ಶೇಕಡಾ. ದೂರದ್ದು ಕಾಣದ ಮಕ್ಕಳ ಮೈನಸ್ ಪವರ್ ಏರುವುದನ್ನು ನಿಧಾನ ಮಾಡಲು ಕೊಡುವುದು 0.01ರಿಂದ 0.05. ಬಾಟಲಿ ಅದಲುಬದಲು ಮಾಡಬೇಡಿ.

ಲೇಜಿ ಐಗೆ ಪ್ಯಾಚ್ ಮೇಲಾ, ಅಟ್ರೋಪಿನ್ ಮೇಲಾ ಎಂದು 419 ಮಕ್ಕಳ ಮೇಲೆ ನೋಡಿದರು, 2002ರಲ್ಲಿ ಬಂತು. ಪ್ಯಾಚಿನಲ್ಲಿ ಮೊದಮೊದಲು ಸ್ವಲ್ಪ ಬೇಗ ಏರುತ್ತದೆ. ಆರು ತಿಂಗಳಾಗುವಾಗ ಹೆಚ್ಚುಕಡಿಮೆ ಸಮ, ಎರಡರಲ್ಲೂ ಸುಮಾರು ಮೂರು ಸಾಲು. ಆಮೇಲೆ ದಿನಾ ಬಿಡುವುದೂ ಶನಿವಾರ, ಭಾನುವಾರ ಮಾತ್ರ ಬಿಡುವುದೂ ಒಂದೇ ಫಲ ಎಂದು ಇನ್ನೊಂದು ಪರೀಕ್ಷೆಯಲ್ಲಿ ಗೊತ್ತಾಯ್ತು. ಡ್ರಾಪ್ಸ್ ಬಿಟ್ಟ ಕಣ್ಣಿನ ಪಾಪೆ ದೊಡ್ಡದಾಗಿಯೇ ಇರುತ್ತದೆ, ಬಿಸಿಲಿಗೆ ಹೋದರೆ ಕಣ್ಣು ಕುಕ್ಕುತ್ತದೆ. ಟೋಪಿ ಬೇಕು. ಬಾಟಲಿ ಮಕ್ಕಳ ಕೈಗೆ ಸಿಗಬಾರದು, ಹೊಟ್ಟೆಗೆ ಹೋದರೆ ವಿಷ.

ಶೆಟ್ರೇ, ಮೈನಸ್ ಪವರಿನ ಕತೆ ಇನ್ನೂ ತಮಾಷೆ. ಸಿಂಗಾಪುರದವರ ಪರೀಕ್ಷೆಯ ನಂತರ 0.01 ಸಾಕು ಎಂದು ಎಲ್ಲ ಕಡೆ ಕೊಡಲು ಶುರು ಮಾಡಿದರು. ಹಾಂಗ್‌ಕಾಂಗಿನವರು 0.01, 0.025, 0.05 ಮೂರನ್ನೂ ಹುಸಿ ಮದ್ದಿನ (ಮದ್ದಿಲ್ಲದ ಬರೀ ಡ್ರಾಪ್ಸ್) ಎದುರು ಇಟ್ಟು ನೋಡಿದರು. 0.05 ಚೆನ್ನಾಗಿ ಕೆಲಸ ಮಾಡಿತು, 0.01 ಸಾಧಾರಣ. 2023ರಲ್ಲಿ ಅಮೆರಿಕದಲ್ಲಿ 187 ಮಕ್ಕಳಿಗೆ 0.01 ಕೊಟ್ಟರೆ ಹುಸಿ ಮದ್ದಿಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಭಟ್ರೇ, ಇದು ನಿಮ್ಮ ಕಡೆಗೆ ಒಂದು ಪಾಯಿಂಟ್: ಊರು ಬದಲಾದರೆ ಫಲಿತಾಂಶವೂ ಬದಲಾಗಬಹುದು.

ತೋಟದ ಭಟ್ರು
ಬರೆದಿಟ್ಟುಕೊಂಡೆ.

ನೀರ್ಚಾಲು ಶೆಟ್ಟಿ
ಹಾಗಾದರೆ ತಂಗಿಗೆ ಎಂತ ಹೇಳುವುದು?

ಕಣ್ಣಕ್ಕ
ಎಷ್ಟು ಹದ ಎಂದು ಅವಳ ಡಾಕ್ಟ್ರನ್ನೇ ಕೇಳಲಿ. ಮಗುವನ್ನು ದಿನಾ ಸಂಜೆ ಅಂಗಳಕ್ಕೆ ಬಿಡಲಿ. ಚೀನಾದ ಗ್ವಾಂಗ್‌ಝೌನಲ್ಲಿ ಕೆಲವು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೊರಗಿನ ಆಟ ಜಾಸ್ತಿ ಮಾಡಿದರು. ಮೂರು ವರ್ಷದಲ್ಲಿ ಅಲ್ಲಿ ಹೊಸದಾಗಿ ಮೈನಸ್ ಬಂದ ಮಕ್ಕಳು 30 ಶೇಕಡಾ, ಉಳಿದ ಶಾಲೆಗಳಲ್ಲಿ 39 ಚಿಲ್ಲರೆ. ಬಿಲ್ಲಿಲ್ಲದ ಮದ್ದು. ಆದರೆ ಅದು ಪವರ್ ಬರುವುದನ್ನು ಕಡಿಮೆ ಮಾಡಿದ ಲೆಕ್ಕ. ಬಂದ ಪವರ್ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಸೀತಾಂಗೋಳಿ ಟೆಕ್ಕಿ
ಮೂರನೆಯವರ ಕಂಪ್ಯೂಟರನ್ನು ಎಲ್ಲರೂ ಬೈಯುತ್ತಿದ್ದೀರಿ. ಪೂರ್ತಿ ಮೋಸವೇನಲ್ಲ. ತಲೆಗೆ ಕಟ್ಟುವ ವಿಆರ್ ಕನ್ನಡಕದಲ್ಲಿ ಸಿನಿಮಾ ತೋರಿಸಿ ಲೇಜಿ ಐ ಸರಿ ಮಾಡುವ ಒಂದಕ್ಕೆ, ಮದ್ದು ಮತ್ತು ಉಪಕರಣಗಳನ್ನು ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ಹಳೆಯದ್ದೇ ಸರಿ ಎಂದು ಕೂತರೆ ಹೇಗೆ?

ಕಣ್ಣಕ್ಕ
ಸರಿ ಹೇಳಿದಿರಿ, ಅದು ಲುಮಿನೋಪಿಯಾ. 105 ಮಕ್ಕಳು, 12 ವಾರ. ಅದನ್ನು ನೋಡಿದವರು 1.8 ಸಾಲು ಏರಿದರು, ಬರೀ ಕನ್ನಡಕದವರು 0.8. ಆದರೆ ಹೋಲಿಸಿದ್ದು ಯಾವುದರ ಜೊತೆ ಎಂದು ನೋಡಿ. ಕನ್ನಡಕದ ಜೊತೆ, ಪ್ಯಾಚಿನ ಜೊತೆ ಅಲ್ಲ. ಪ್ಯಾಚಿನ ಜೊತೆ ಹೋಲಿಸಿದ್ದು ಬೇರೆ ಒಂದು, ಐಪ್ಯಾಡಿನ ಆಟ, 385 ಮಕ್ಕಳು, 2016. ಅದರಲ್ಲಿ ಆಟ ಪ್ಯಾಚಿನಷ್ಟು ಒಳ್ಳೆಯದು ಎಂದು ತೋರಿಸಲು ಆಗಲಿಲ್ಲ. ಮಜಾ ಅಂದರೆ ಹೇಳಿದಷ್ಟು ಹೊತ್ತು ಆಡಿದ ಮಕ್ಕಳೇ ಕಡಿಮೆ. ಆಟ ಬೋರ್ ಆಯ್ತಂತೆ!

ಹಾಗಾಗಿ 28 ಸಾವಿರ ಕೇಳಿದವರಿಗೆ ಒಂದೇ ಪ್ರಶ್ನೆ ಕೇಳಿ: "ನಿಮ್ಮ ಈ ಮಿಷನ್ನನ್ನೇ, ಪ್ಯಾಚಿನ ಎದುರು ಇಟ್ಟು, ಚೀಟಿ ಎತ್ತಿ ನೋಡಿದ್ದು ಉಂಟಾ?" ಬೇರೆ ಕಂಪೆನಿಯ ಬೇರೆ ಮಿಷನ್ನಿನ ಫಲಿತಾಂಶ ತೋರಿಸಿದರೆ ಎದ್ದು ಬನ್ನಿ.

ಕುಂಬಳೆ ಮಾಷ್ಟ್ರು
ಪೆನ್ಸಿಲ್ ಮೂಗಿನ ಹತ್ತಿರ ತಂದು ನೋಡುವ ವ್ಯಾಯಾಮ? ಅದು ಪುಕ್ಕಟೆ. ನಾನು ಮಕ್ಕಳಿಗೆ ಪಿಟಿ ಪೀರಿಯಡ್ಡಿನಲ್ಲಿ ಮಾಡಿಸುತ್ತೇನೆ.

ಕಣ್ಣಕ್ಕ
ಮಾಷ್ಟ್ರೇ, ಬೇಜಾರು ಮಾಡಬೇಡಿ. ಅದು ಲೇಜಿ ಐಗೆ ಅಲ್ಲವೇ ಅಲ್ಲ. ಹತ್ತಿರ ಓದುವಾಗ ಎರಡು ಕಣ್ಣೂ ಒಳಗೆ ತಿರುಗಲು ಕಷ್ಟಪಡುವ ಒಂದು ತೊಂದರೆ ಉಂಟು, ಅದಕ್ಕೆ ಹೇಳುವುದು. ಅಲ್ಲಿಯೂ 2008ರಲ್ಲಿ 221 ಮಕ್ಕಳ ಮೇಲೆ ನೋಡಿದರು. ಕ್ಲಿನಿಕ್ಕಿನಲ್ಲಿ ಕೂರಿಸಿ ಮಾಡಿಸಿದ ವ್ಯಾಯಾಮ 73 ಶೇಕಡಾ ಮಕ್ಕಳಿಗೆ ಗುಣ ಕೊಟ್ಟಿತು. ಮನೆಯ ಪೆನ್ಸಿಲ್ 43. ಸುಮ್ನೆ ವ್ಯಾಯಾಮದ ಹಾಗೆ ನಾಟಕ ಮಾಡಿಸಿದ್ದು 35. ಪೆನ್ಸಿಲಿಗೂ ನಾಟಕಕ್ಕೂ ಹೆಚ್ಚು ದೂರ ಇಲ್ಲ.

ಕುಂಬಳೆ ಮಾಷ್ಟ್ರು
ಪೆನ್ಸಿಲ್ ಕೆಳಗಿಟ್ಟೆ.

ಹೊಸಂಗಡಿ ಡ್ರೈವರ್
ನನಗೆ 34. ಎಡಗಣ್ಣು ಚಿಕ್ಕಂದಿನಿಂದ ಮಂದ, ಯಾರೂ ನೋಡಲಿಲ್ಲ. ನನಗೆ ಈಗ ಏನಾದರೂ ಆಗುತ್ತದಾ?

ಕಣ್ಣಕ್ಕ
ಅಣ್ಣ, ಸುಳ್ಳು ಭರವಸೆ ಕೊಡುವುದಿಲ್ಲ. 7ರಿಂದ 17 ವರ್ಷದ 507 ಜನರ ಮೇಲೆ ನೋಡಿದ್ದು ಉಂಟು. 13 ದಾಟಿದವರಲ್ಲಿ ಮೊದಲು ಯಾವ ಚಿಕಿತ್ಸೆಯೂ ಆಗದಿದ್ದವರು ಪ್ಯಾಚ್ ಹಾಕಿದಾಗ 47 ಶೇಕಡಾ ಜನಕ್ಕೆ ಗುಣ ಕಂಡಿತು, ಬರೀ ಕನ್ನಡಕದಲ್ಲಿ 20. "ಏಳಾದ ಮೇಲೆ ಏನೂ ಆಗುವುದಿಲ್ಲ" ಎಂಬ ಹಳೆಯ ಮಾತು ಅಲ್ಲಿಗೆ ಬಿತ್ತು. ಆದರೆ 34ಕ್ಕೆ ಅಂಥ ದೊಡ್ಡ ಆಧಾರ ಇಲ್ಲ. ನಿಮ್ಮ ಮುಖ್ಯ ಕೆಲಸ ಬಲಗಣ್ಣನ್ನು ಕಾಪಾಡುವುದು. ಪಾಲಿಕಾರ್ಬೊನೇಟ್ ಎನ್ನುವ, ಸುಲಭಕ್ಕೆ ಒಡೆಯದ ಪ್ಲಾಸ್ಟಿಕ್ ಗ್ಲಾಸಿನ ಕನ್ನಡಕ ಹಾಕಿ, ಪವರ್ ಇಲ್ಲದಿದ್ದರೂ.

ಹೊಸಂಗಡಿ ಡ್ರೈವರ್
ಸರಿ ಅಕ್ಕ. ನನ್ನ ಮಗನ ಕಣ್ಣನ್ನಾದರೂ ಈ ವಾರವೇ ತೋರಿಸುತ್ತೇನೆ.

ನೀರ್ಚಾಲು ಶೆಟ್ಟಿ
ಕೊನೆಯದ್ದು. ಅಪ್ಪನಿಗೆ 70, ಕಣ್ಣಿಗೆ ಒಳ್ಳೆಯದು ಎಂದು ಯಾರೋ ವಿಟಮಿನ್ ಮಾತ್ರೆ ಹಿಡಿಸಿದ್ದಾರೆ. ತಿಂಗಳಿಗೆ ಸಾವಿರ.

ಕಣ್ಣಕ್ಕ
ರೆಟಿನಾದ ನಡುಭಾಗ ವಯಸ್ಸಿಗೆ ಸವೆಯುವ ಕಾಯಿಲೆ ನಡುಮಟ್ಟಕ್ಕೆ ಬಂದಿದ್ದರೆ ಆ ಮಾತ್ರೆಗೆ ಅರ್ಥ ಉಂಟು. ಮುಂದೆ ಜೋರಾಗುವ ಅಪಾಯ ಐದು ವರ್ಷದಲ್ಲಿ ಸುಮಾರು 25 ಶೇಕಡಾ ಕಡಿಮೆಯಾಯ್ತು, 2001ರ ಅಮೆರಿಕದ ಪರೀಕ್ಷೆ. ಆರಂಭದ ಹಂತಕ್ಕೆ ಪ್ರಯೋಜನ ಇಲ್ಲ. ಕಣ್ಣಿನ ಪೊರೆಗೂ ಇಲ್ಲ. ಬೀಡಿ ಸೇದುತ್ತಾರಾ? ಹಾಗಿದ್ದರೆ ಬೀಟಾ ಕ್ಯಾರೊಟಿನ್ ಇರುವುದು ಬೇಡವೇ ಬೇಡ, ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಮಾಡುತ್ತದೆ.

ನೀರ್ಚಾಲು ಶೆಟ್ಟಿ
ಅವರಿಗೆ ಪೊರೆ ಮಾತ್ರ ಇರುವುದು! ಸಾವಿರ ಉಳಿಯಿತು. ಬೀಡಿಗೆ ಕೇಳುತ್ತಾರೆ ಈಗ.

ಪೆರ್ಲದ ಅಮ್ಮ
ಹನ್ನೆರಡು ವಾರದ ನಂತರ ಬರೆಯುತ್ತಿದ್ದೇನೆ. ಮರುದಿನವೇ ಕನ್ನಡಕಕ್ಕೆ ಕೊಟ್ಟೆವು. ಮೊದಲ ನಾಲ್ಕು ದಿನ "ನೆಲ ಓರೆ ಉಂಟು" ಎಂದು ಅಳು. ಈಗ ಮಲಗುವಾಗಲೂ ತೆಗೆಯುವುದಿಲ್ಲ. ನಿನ್ನೆ ಅಳೆದರು, ಬರೀ ಕನ್ನಡಕದಲ್ಲಿ ಎಡಗಣ್ಣು 6/12! ಅಳೆಯುವಾಗ ಅತ್ತೆಯೂ ಬಂದಿದ್ದರು. ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಓದಿಸುತ್ತಿದ್ದಾರೆ. ನಂದಿಬಟ್ಟಲು ಈಗ ದೇವರಿಗೆ ಹೋಗುತ್ತದೆ.

ಆದರೆ ನಡುವೆ ಒಮ್ಮೆ ಅಳೆದದ್ದಕ್ಕಿಂತ ಈ ಸಲ ಹೆಚ್ಚು ಏರಿಲ್ಲವಂತೆ. ಹಾಗಾಗಿ ಇನ್ನು ಎರಡು ಗಂಟೆ ಪ್ಯಾಚ್ ಸೇರಿಸಿ ಎಂದರು. ಆಮೇಲೆ ನಿಲ್ಲಿಸಿದರೆ ಮತ್ತೆ ಮಂದ ಆಗುತ್ತದಾ ಕಣ್ಣಕ್ಕ?

ಕಣ್ಣಕ್ಕ
ಭಾರೀ ಖುಷಿ ಆಯ್ತು ಅಕ್ಕ. ಹೌದು, ನಿಲ್ಲಿಸಿದ ಒಂದು ವರ್ಷದೊಳಗೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ವಲ್ಪ ಹಿಂದೆ ಬರುತ್ತದೆ. ಸರಿಯಾಯ್ತು ಎಂದು ತಪಾಸಣೆ ಬಿಡಬೇಡಿ.

ಪೆರ್ಲದ ಅಮ್ಮ
ಬಿಡುವುದಿಲ್ಲ. ಪ್ಯಾಚ್ ಇಲ್ಲೇ ಹತ್ತಿರ ಎಲ್ಲಾದರೂ ಸಿಗುತ್ತದಾ? ಪೆರ್ಲದಲ್ಲಿ ಕೇಳಿದರೆ ಬ್ಯಾಂಡೇಜ್ ಕೊಟ್ಟರು.

ಬಾಯಾರಿನ ಅಪ್ಪ
ಉಪ್ಪಳದಲ್ಲಿ ಹೇಳಿದರೆ ತರಿಸಿ ಕೊಡುತ್ತಾರೆ. ಮಕ್ಕಳ ಸೈಜ್ ಎಂದು ಒತ್ತಿ ಹೇಳಿ, ದೊಡ್ಡವರದ್ದು ಕೊಟ್ಟರೆ ಅರ್ಧ ಕೆನ್ನೆ ಮುಚ್ಚುತ್ತದೆ. ನಾಯಿ ಇದ್ದರೆ ಎರಡು ಪ್ಯಾಕೆಟ್ ತನ್ನಿ.